ಮಿಲ್ಲಿನ ಕೀಲಿ ಕೇಳುತ್ತಾರೋ, ಮಾಲು ಕೇಳುತ್ತಾರೋ?

ಓದುಗರ ಪ್ರಶ್ನೆ: ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ದಾಲ್ ಮಿಲ್ ಇದೆ. ಎರಡು ಲಾರಿ ಇವೆ, ಒಂದರ ಮೇಲೆ ಇನ್ನೂ ಫೈನಾನ್ಸ್ ಸಾಲ ತೀರಿಲ್ಲ. ಪಕ್ಕದಲ್ಲೇ ತಮ್ಮನ ವೆಲ್ಡಿಂಗ್ ವರ್ಕ್‌ಶಾಪ್. 2021ರಲ್ಲಿ ಅವನಿಗೆ ಆಕ್ಸಿಜನ್ ಸಿಗುವುದೇ ನಿಂತಿತು. ಇದ್ದ ಹನ್ನೊಂದು ಸಿಲಿಂಡರ್‌ಗಳನ್ನೂ ಆಸ್ಪತ್ರೆಗೆ ಬೇಕು ಎಂದು ಒಯ್ದರು. ಏಳು ವಾಪಸ್ ಬಂದವು, ನಾಲ್ಕು ಬರಲೇ ಇಲ್ಲ. 2025ರ ಮೇನಲ್ಲಿ ಗಡಿಯಲ್ಲಿ ಗಲಾಟೆ ಆದಾಗ ನಮ್ಮ ಗಂಜ್‌ನ (ಧಾನ್ಯದ ಮಾರುಕಟ್ಟೆಯ) ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡಿತು. 'ರಾಜ್ಯಗಳಿಗೆ ತುರ್ತು ಅಧಿಕಾರ ಸಿಕ್ಕಿದೆ, ಇನ್ನು ಮಿಲ್, ಗೋದಾಮು, ಲಾರಿ ಎಲ್ಲಾ ಸರ್ಕಾರದ ವಶಕ್ಕೆ' ಅಂತ. ನಮ್ಮ ಅಪ್ಪ 'ಎಂಎಸ್‌ಕೆ ಮಿಲ್ ಹೋದಂಗ ನಮ್ದೂ ಹೋಗ್ತದ' ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗಲೂ ಗಡಿ ಸುದ್ದಿ ಬಂದರೆ ಅದೇ ಚಿಂತೆ. ಅಮೆರಿಕದಲ್ಲಿ ಸರ್ಕಾರ ಕಾರ್ ಕಂಪನಿಗೆ ವೆಂಟಿಲೇಟರ್ ಮಾಡಲು ಹುಕುಂ ಕೊಟ್ಟಿತ್ತು ಎಂದು ಮಗ ಹೇಳುತ್ತಾನೆ. ನಮ್ಮಲ್ಲೂ ಹಾಗೆ ಮಾಡಬಹುದೇ? ನಾವು ಬೇಡ ಅನ್ನಬಹುದೇ? ದುಡ್ಡು ಕೊಡುತ್ತಾರಾ?

ಉತ್ತರ:

ಮೊದಲು ನಿಮ್ಮ ತಂದೆಯವರಿಗೆ ಹೊಟ್ಟೆ ತುಂಬ ಊಟ ಮಾಡಲು ಹೇಳಿ. ಎಂಎಸ್‌ಕೆ ಮಿಲ್ ಹೋದ ದಾರಿಯೇ ಬೇರೆ.

ಕಲಬುರಗಿಯಲ್ಲಿ ಆ ನಿಜಾಮರ ಕಾಲದ ಬಟ್ಟೆ ಗಿರಣಿಯ ಮಾತು ಬಂದರೆ 'ಎಮರ್ಜೆನ್ಸಿಯಲ್ಲಿ ಸರ್ಕಾರ ನುಂಗಿತು' ಎನ್ನುವವರು ಇನ್ನೂ ಇದ್ದಾರೆ. ಆದದ್ದು ಹಾಗಲ್ಲ. ಅದು ನಷ್ಟದಲ್ಲಿ ಮುಳುಗಿದ್ದ ಗಿರಣಿ. ಅಂಥ ನೂರಕ್ಕೂ ಹೆಚ್ಚು ಗಿರಣಿಗಳನ್ನು 1974ರ ಒಂದು ಕಾಯ್ದೆ ಒಟ್ಟಿಗೇ ರಾಷ್ಟ್ರೀಕರಣ ಮಾಡಿ ರಾಷ್ಟ್ರೀಯ ಜವಳಿ ನಿಗಮಕ್ಕೆ ಕೊಟ್ಟಿತು. ಇಂದಿರಾ ಗಾಂಧಿಯವರ ತುರ್ತು ಪರಿಸ್ಥಿತಿ ಬಂದದ್ದು ಅದರ ಮರುವರ್ಷ, 1975ರ ಜೂನ್ 25ಕ್ಕೆ. ಹಾಗೆ ನೋಡಿದರೆ 1971ರ ಯುದ್ಧಕ್ಕೆ ಹೊರಡಿಸಿದ್ದ ತುರ್ತು ಘೋಷಣೆಯನ್ನು ಅಷ್ಟು ಹೊತ್ತಿಗೂ ವಾಪಸ್ ಪಡೆದಿರಲಿಲ್ಲ. ಹಾಗಾಗಿ ಹಿರಿಯರ ನೆನಪು ಕಾಗದದ ಮೇಲೆ ಪೂರ್ತಿ ಸುಳ್ಳೂ ಅಲ್ಲ. ಆದರೆ ಗಿರಣಿ ಹೋದದ್ದು ಯುದ್ಧಕ್ಕಲ್ಲ, ನಷ್ಟಕ್ಕೆ. ನಿಮ್ಮ ಮಿಲ್ ಓಡುತ್ತಿದೆ, ಅಲ್ವಾ?

ಇನ್ನು ಆ ವಾಟ್ಸಾಪ್ ಮೆಸೇಜು. ಅದರಲ್ಲಿ ಒಂದು ಕಾಳು ಸತ್ಯ ಇತ್ತು, ಉಳಿದದ್ದೆಲ್ಲ ಹೊಟ್ಟು. 2025ರ ಮೇ 9ರಂದು ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದದ್ದು ನಿಜ. 1968ರ ನಾಗರಿಕ ರಕ್ಷಣಾ ನಿಯಮಗಳ ತುರ್ತು ಅಧಿಕಾರ ಬಳಸಿ ಎಂದು ಅದರಲ್ಲಿತ್ತು. ಯಾತಕ್ಕೆ? ಬೇಕಾದ ಸಾಮಾನನ್ನು ಟೆಂಡರ್‌ಗೆ ಕಾಯದೆ ಬೇಗ ಖರೀದಿ ಮಾಡಲು. ಖರೀದಿ ಎಂದರೆ ದುಡ್ಡು ಕೊಟ್ಟು ಕೊಳ್ಳುವುದು. ಅದೇ ದಿನ ಆಹಾರ ಸಚಿವ ಪ್ರಲ್ಹಾದ ಜೋಶಿಯವರು, ದೇಶದಲ್ಲಿ ಧಾನ್ಯಕ್ಕೆ ಕೊರತೆ ಇಲ್ಲ, ಆದರೆ ದಾಸ್ತಾನು ಬಚ್ಚಿಟ್ಟವರನ್ನು ಬಿಡುವುದಿಲ್ಲ ಎಂದು ಎಚ್ಚರಿಸಿದರು. ನಿಮಗೆ ಸಂಬಂಧಪಟ್ಟದ್ದು ಈ ಎರಡನೇ ಮಾತು. ವಾಟ್ಸಾಪ್ ಗುಂಪು ಅದನ್ನು ಬಿಟ್ಟು ಮೊದಲನೆಯದನ್ನು ಹಿಡಿದುಕೊಂಡಿತು.

ನಿಮ್ಮ ಪ್ರಶ್ನೆಯೊಳಗೆ ಇನ್ನೊಂದು ತಪ್ಪು ತಿಳಿವಳಿಕೆ ಅಡಗಿದೆ. ಕಾನೂನು ಸಲಹೆಗೆ ನನ್ನ ಹತ್ತಿರ ಬರುವ ವ್ಯಾಪಾರಸ್ಥರಲ್ಲಿ ಮುಕ್ಕಾಲು ಪಾಲು ಜನರಿಗೆ ಇದು ಇದೆ. ಏನೆಂದರೆ, ರಾಷ್ಟ್ರೀಯ ತುರ್ತು ಪರಿಸ್ಥಿತಿ ಘೋಷಣೆಯಾದರೆ ಮಾತ್ರ ಸರ್ಕಾರ ಖಾಸಗಿಯವರ ಮಾಲಿಗೆ ಕೈ ಹಾಕಬಹುದು, ಇಲ್ಲದಿದ್ದರೆ ಇಲ್ಲ ಅಂತ. ಸಂವಿಧಾನದ 352ನೇ ವಿಧಿಯ ತುರ್ತು ಪರಿಸ್ಥಿತಿ ನಮ್ಮಲ್ಲಿ ಮೂರೇ ಸಲ ಬಂದಿದೆ: 1962ರಲ್ಲಿ, 1971ರಲ್ಲಿ, 1975ರಲ್ಲಿ. ಕೊನೆಯದು ಮುಗಿದದ್ದು 1977ರ ಮಾರ್ಚ್‌ನಲ್ಲಿ. ಕೊರೋನಾ ಕಾಲದಲ್ಲಿ ಇಡೀ ದೇಶಕ್ಕೆ ಬೀಗ ಬಿತ್ತಲ್ಲ, ಆಗಲೂ ಆ ಘೋಷಣೆ ಆಗಲಿಲ್ಲ. ನಿಮ್ಮ ತಮ್ಮನ ಸಿಲಿಂಡರ್ ಹೋದದ್ದು ಯಾವ ತುರ್ತು ಪರಿಸ್ಥಿತಿಯೂ ಇಲ್ಲದ ದಿನಗಳಲ್ಲಿ. 2023ರಲ್ಲಿ ನಿಮ್ಮ ತೊಗರಿ ದಾಸ್ತಾನಿಗೆ ಮಿತಿ ಬಿದ್ದದ್ದೂ ಹಾಗೆಯೇ. ಈ ಅಧಿಕಾರಗಳು ಎಲ್ಲೋ ದೆಹಲಿಯ ಕಪಾಟಿನಲ್ಲಿ ಯುದ್ಧಕ್ಕೆಂದು ಕಾಯುತ್ತಾ ಕೂತಿಲ್ಲ. ದಿನನಿತ್ಯದ ಕಾಯ್ದೆಗಳಲ್ಲೇ ಇವೆ. ಚುನಾವಣೆ ಬಂದರೆ ನಿಮ್ಮ ಲಾರಿಯನ್ನು ಮತಪೆಟ್ಟಿಗೆ ಸಾಗಿಸಲು ಹಿಡಿಯುತ್ತಾರಲ್ಲ, ಅದೂ ಇದೇ ಜಾತಿಯ ಅಧಿಕಾರ.

ಕೊರೋನಾ ಶುರುವಾದ ವಾರವನ್ನು ನೆನಪು ಮಾಡಿಕೊಳ್ಳಿ. ದೇಶದ ಮೊದಲ ಕೋವಿಡ್ ಸಾವು ನಮ್ಮೂರಲ್ಲೇ ಆಯಿತು. ಅದು ಕೋವಿಡ್ ಎಂದು ಖಚಿತವಾದದ್ದು 2020ರ ಮಾರ್ಚ್ 12ಕ್ಕೆ. ಮರುದಿನವೇ ಕೇಂದ್ರ ಸರ್ಕಾರ ಮಾಸ್ಕ್ ಮತ್ತು ಸ್ಯಾನಿಟೈಸರ್‌ಗಳನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿತು. ಸುಮಾರು ಒಂದು ವಾರದಲ್ಲಿ ಬೆಲೆಯನ್ನೂ ಕಟ್ಟಿತು: 200 ಮಿಲಿ ಸ್ಯಾನಿಟೈಸರ್‌ಗೆ 100 ರೂಪಾಯಿ, ಮೂರು ಪದರದ ಮಾಸ್ಕ್‌ಗೆ 10 ರೂಪಾಯಿ, ಅದಕ್ಕಿಂತ ಜಾಸ್ತಿ ಇಲ್ಲ. ಸಂಸತ್ತು ಹೊಸ ಕಾಯ್ದೆ ಮಾಡಲಿಲ್ಲ. 1955ರ ಅಗತ್ಯ ವಸ್ತುಗಳ ಕಾಯ್ದೆಯೇ ಸಾಕಾಯಿತು.

ಈ ಕಾಯ್ದೆಯ ಸೆಕ್ಷನ್ 3 ಬಹಳ ಉದ್ದನೆಯ ಕೈ. ಉತ್ಪಾದನೆ, ಸಾಗಣೆ, ದಾಸ್ತಾನು, ಬೆಲೆ, ನಾಲ್ಕನ್ನೂ ಹಿಡಿಯಬಹುದು. ಇರುವ ಮಾಲನ್ನು ಸರ್ಕಾರಕ್ಕೇ ಮಾರು ಎಂದು ಹೇಳಬಹುದು. ದೇಶದ ರಕ್ಷಣೆಗೆ, ಸೇನೆಯ ಕಾರ್ಯಾಚರಣೆಗೆ ಬೇಕಾದ ವಸ್ತು ಎಂಬ ಮಾತೂ ಅದರಲ್ಲೇ ಬರೆದಿದೆ. ನಿಮ್ಮ ತಂದೆಯವರ ಭಯಕ್ಕೆ ಹತ್ತಿರದ ಒಂದು ಉಪವಿಭಾಗವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಗತ್ಯ ವಸ್ತುವಿನ ಉತ್ಪಾದನೆ ಉಳಿಸಲು ಅಥವಾ ಹೆಚ್ಚಿಸಲು ಬೇಕಾದರೆ ಒಂದು ಉದ್ಯಮದ ಮೇಲೆ ಸರ್ಕಾರ ತನ್ನ ನಿಯಂತ್ರಕನನ್ನು ಕೂರಿಸಬಹುದು. ಅಂದರೆ ಮಿಲ್ ನಿಮ್ಮದೇ, ಆದರೆ ನಡೆಸುವ ಮಾತು ಅವರದು. ನನ್ನ ಇಪ್ಪತ್ತಾರು ವರ್ಷದ ವಕೀಲಿಯಲ್ಲಿ ದಾಲ್ ಮಿಲ್‌ಗೆ ಇದನ್ನು ಹಚ್ಚಿದ್ದು ಒಂದೂ ನೋಡಿಲ್ಲ. ಕಾರಣ ಸರಳ. ನಿಮ್ಮ ಮಿಲ್ ನಡೆಸಲು ಅಧಿಕಾರಿಗಳಿಗೆ ಬರುವುದಿಲ್ಲ. ತೊಗರಿಗೆ ಎಣ್ಣೆ ಎಷ್ಟು ಹಚ್ಚಬೇಕು, ನೀರು ಎಷ್ಟು ಹಾಕಬೇಕು, ಎಷ್ಟು ಬಿಸಿಲು ಕಾಯಿಸಿದರೆ ಬೇಳೆ ನುಚ್ಚಾಗದೆ ಒಡೆಯುತ್ತದೆ, ಇದು ನಿಮ್ಮ ಮೇಸ್ತ್ರಿಗೆ ಗೊತ್ತು. ಸರ್ಕಾರಕ್ಕೆ ಬೇಕಾದದ್ದು ಬೇಳೆ. ಅದನ್ನು ಪಡೆಯಲು ನಿಮ್ಮ ಕೀಲಿ ಬೇಕಾಗಿಲ್ಲ, ಸ್ಟಾಕ್ ರಿಜಿಸ್ಟರ್ ಸಾಕು.

ನಮ್ಮ ಭಾಗದವರಿಗೆ ಇದು ಹೊಸದೂ ಅಲ್ಲ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ, ಎರಡನೇ ಮಹಾಯುದ್ಧದ ಹೊತ್ತಿಗೆ, ರೈತರಿಂದ ಲೆವಿ ಧಾನ್ಯ, ಅಂದರೆ ಸರ್ಕಾರಕ್ಕೆ ಕಡ್ಡಾಯವಾಗಿ ಕೊಡಬೇಕಾದ ಪಾಲು, ಅಳೆಯುತ್ತಿದ್ದರು. ಶಹಾಪುರ, ಸುರಪುರ ಕಡೆಯ ಅಕ್ಕಿ ಗಿರಣಿಯವರನ್ನು ಕೇಳಿ, 2015ರವರೆಗೆ ಇದ್ದ ಲೆವಿ ಅಕ್ಕಿಯ ಲೆಕ್ಕ ಹೇಳುತ್ತಾರೆ. ಸಕ್ಕರೆ ಕಾರ್ಖಾನೆಗಳು 2013ರವರೆಗೆ ನೂರಕ್ಕೆ ಹತ್ತು ಪಾಲು ಸಕ್ಕರೆಯನ್ನು ಪಡಿತರಕ್ಕೆ ಕಡಿಮೆ ದರದಲ್ಲಿ ಕೊಡುತ್ತಿದ್ದವು. ಅದನ್ನೆಲ್ಲ ಯಾರೂ 'ವಶ' ಅನ್ನಲಿಲ್ಲ.

ಮಗ ಹೇಳಿದ್ದು ಸರಿ. ಅಮೆರಿಕದಲ್ಲಿ 1950ರ ರಕ್ಷಣಾ ಉತ್ಪಾದನಾ ಕಾಯ್ದೆ ಎಂಬುದಿದೆ, ಕೊರಿಯಾ ಯುದ್ಧದ ಕಾಲದ್ದು. 2020ರ ಮಾರ್ಚ್‌ನಲ್ಲಿ ಅದರಡಿಯಲ್ಲೇ ಜನರಲ್ ಮೋಟಾರ್ಸ್‌ಗೆ ವೆಂಟಿಲೇಟರ್ ಆದೇಶ ಹೋಯಿತು. ಆದರೆ ಅಲ್ಲೂ ಮನಸ್ಸಿಗೆ ಬಂದಂತೆ ನಡೆಯುವುದಿಲ್ಲ. ಅದೇ ಕೊರಿಯಾ ಯುದ್ಧದ ನಡುವೆ, 1952ರಲ್ಲಿ, ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಾಗ, ಕಾಯ್ದೆಯ ಬಲ ಇಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಮ್ಮಲ್ಲಿ ಹಾಗೆ ಒಂದೇ ಕಾಯ್ದೆ ಇಲ್ಲ, ಹತ್ತಾರು ಇವೆ. ಕೊರೋನಾದಲ್ಲಿ ನಮ್ಮ ವೆಂಟಿಲೇಟರ್ ಹೇಗೆ ಬಂತು ಗೊತ್ತಾ? ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸ, ಬೆಂಗಳೂರಿನ ಸರ್ಕಾರಿ ಕಂಪನಿ ಬಿಇಎಲ್‌ನ ತಯಾರಿಕೆ, 30,000 ಯಂತ್ರಗಳಿಗೆ ಸರ್ಕಾರದ ಆರ್ಡರ್. ಹುಕುಂಗಿಂತ ಆರ್ಡರ್ ಚೆನ್ನಾಗಿ ಕೆಲಸ ಮಾಡುತ್ತದೆ. ತೊಗರಿ ಒಡೆಯುವ ಯಂತ್ರದಲ್ಲಿ ಬೇರೆ ಏನನ್ನಾದರೂ ಮಾಡಿ ಎಂದು ನಿಮಗೆ ಯಾರೂ ಹೇಳುವುದಿಲ್ಲ.

ಈಗ ನಿಜವಾದ ಅಪಾಯಕ್ಕೆ ಬರೋಣ. ಅದು ದಾಸ್ತಾನು ಮಿತಿ.

ಹೊಸ ತೊಗರಿ ಗಂಜ್‌ಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ವರ್ಷಪೂರ್ತಿ ಮಿಲ್ ಓಡಬೇಕಾದರೆ ಆಗಲೇ ತುಂಬಿಕೊಳ್ಳಬೇಕು. ಅದು ವ್ಯಾಪಾರ, ಕಳ್ಳ ದಾಸ್ತಾನಲ್ಲ. ಆದರೆ ಜೂನ್ ಹೊತ್ತಿಗೆ ಬೆಲೆ ಏರಿದರೆ ಹೊರಗಿನವರ ಕಣ್ಣಿಗೆ ನಿಮ್ಮ ತುಂಬಿದ ಗೋದಾಮು ಬೇರೆ ಥರ ಕಾಣುತ್ತದೆ. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದಾಗ ಗೋದಾಮುಗಳ ಮೇಲೆ ದಾಳಿ ನಡೆದದ್ದು ನಿಮಗೆ ನೆನಪಿರಬೇಕು.

2023ರ ಜೂನ್‌ನಲ್ಲಿ ತೊಗರಿ, ಉದ್ದಿಗೆ ಮಿತಿ ಬಂತು. ಸಗಟು ವ್ಯಾಪಾರಿಗೆ 200 ಟನ್, ಕಿರಾಣಿ ಅಂಗಡಿಗೆ 5 ಟನ್. ಮಿಲ್‌ಗೆ, ಹಿಂದಿನ ಮೂರು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇಕಡಾ 25, ಎರಡರಲ್ಲಿ ಯಾವುದು ಹೆಚ್ಚೋ ಅದು. ದಿನಕ್ಕೆ 20 ಟನ್, ವರ್ಷಕ್ಕೆ 300 ದಿನ ಎಂದು ಹಿಡಿಯಿರಿ. ಸಾಮರ್ಥ್ಯ 6,000 ಟನ್. ಅದರ ಕಾಲು ಭಾಗ 1,500 ಟನ್. ಪರವಾಗಿಲ್ಲ, ಉಸಿರಾಡಬಹುದು. ಆದರೆ ಸೆಪ್ಟೆಂಬರ್‌ನಲ್ಲಿ ಅದನ್ನೇ ಬಿಗಿ ಮಾಡಿದರು. ಒಂದು ತಿಂಗಳ ಉತ್ಪಾದನೆ ಅಥವಾ ಶೇಕಡಾ 10. ಸಗಟು ವ್ಯಾಪಾರಿಗೆ 50 ಟನ್. ಅದೇ ಮಿಲ್‌ಗೆ ಈಗ 600 ಟನ್. ಜುಲೈನಲ್ಲಿ ಕಾನೂನುಬದ್ಧವಾಗಿದ್ದ ಮಾಲು ಅಕ್ಟೋಬರ್‌ನಲ್ಲಿ ಅಪರಾಧ. 2024ರ ಜೂನ್‌ನಲ್ಲಿ ತೊಗರಿ, ಕಡಲೆಗೆ ಮತ್ತೆ ಬಂತು, ಆಗ ಮತ್ತೆ ಕಾಲು ಭಾಗದ ಲೆಕ್ಕ. ಹೀಗೆ ನಿಯಮ ಓಡಾಡುತ್ತಲೇ ಇರುತ್ತದೆ. ಹೆಚ್ಚು ಜನ ಸಿಕ್ಕಿಬೀಳುವುದು ದುರಾಸೆಯಿಂದಲ್ಲ, ಹಳೆಯ ಆದೇಶದ ಪ್ರಿಂಟನ್ನು ಗೋಡೆಗೆ ಅಂಟಿಸಿಕೊಂಡು ಕೂತಿದ್ದರಿಂದ.

ಹೀಗೆಲ್ಲ ಮಿತಿ ಹಾಕದಂತೆ 2020ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿತ್ತಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯುದ್ಧ, ಬರ, ವಿಪರೀತ ಬೆಲೆ ಏರಿಕೆ, ದೊಡ್ಡ ನೈಸರ್ಗಿಕ ವಿಕೋಪ ಇದ್ದರೆ ಮಾತ್ರ ಬೇಳೆಕಾಳಿಗೆ ಮಿತಿ ಎಂಬ ಆ ತಿದ್ದುಪಡಿ, ಕೃಷಿ ಕಾಯ್ದೆಗಳ ಜೊತೆಗೇ 2021ರಲ್ಲಿ ರದ್ದಾಯಿತು. ಅದನ್ನೇ ನಂಬಿ ವಾದಿಸಲು ಬಂದವರನ್ನು ಮೊನ್ನೆ ಮೊನ್ನೆಯೂ ನೋಡಿದ್ದೇನೆ.

ಇನ್ನೆರಡು ಮಾತು, ನಿಮ್ಮ ಗೋದಾಮಿನ ಒಳಗಿನವು. ರೈತರ ಅಥವಾ ಅಡತಿಯವರ (ಕಮಿಷನ್ ಏಜೆಂಟರ) ಮಾಲು ಕೂಲಿಗೆ ಒಡೆಯಲು ಬಂದಿದ್ದರೆ ಅದಕ್ಕೆ ಬೇರೆ ರಿಜಿಸ್ಟರ್, ಬೇರೆ ಥಪ್ಪಿ (ಚೀಲಗಳ ರಾಶಿ), ಚೀಲದ ಮೇಲೆ ಗುರುತು ಇರಲಿ. ತಪಾಸಣೆಯ ದಿನ 'ಇದು ನನ್ನದಲ್ಲ' ಎನ್ನುವ ಬಾಯಿಮಾತು ನಿಲ್ಲುವುದಿಲ್ಲ. ನನ್ನ ಒಬ್ಬ ಕಕ್ಷಿದಾರರ ಕೇಸು ಹೀಗೆಯೇ ಮೂರು ವರ್ಷ ಎಳೆಯಿತು. ಮಾಲು ನಿಜವಾಗಿಯೂ ಬೇರೆಯವರದು, ಆದರೆ ಎಲ್ಲ ಚೀಲಗಳೂ ಒಂದೇ ಥಪ್ಪಿಯಲ್ಲಿದ್ದವು. ಎರಡನೆಯದು, ಹೆಂಡತಿ ಹೆಸರಲ್ಲೊಂದು ಫರ್ಮು, ಅಳಿಯನ ಹೆಸರಲ್ಲೊಂದು ಫರ್ಮು ಮಾಡಿ ಸ್ಟಾಕ್ ಹಂಚುವ ಜಾಣತನ. ಕಾಗದದಲ್ಲಿ ಚಂದ ಕಾಣುತ್ತದೆ. ಒಂದೇ ಗೋದಾಮು, ಒಂದೇ ಕರೆಂಟ್ ಮೀಟರ್, ಅದೇ ಹಮಾಲರು ಇದ್ದರೆ ಬಂದ ಇನ್‌ಸ್ಪೆಕ್ಟರ್‌ಗೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಮಾಲು ಜಪ್ತಿಯಾದರೆ ಅದನ್ನು ಮುಟ್ಟುಗೋಲು ಹಾಕುವ, ಅಂದರೆ ಕಾಯಂ ಆಗಿ ಸರ್ಕಾರದ್ದಾಗಿಸುವ ಅಧಿಕಾರ ಡಿಸಿಯವರದು. ಆದರೆ ಕಾರಣ ಬರೆದು ನೋಟಿಸ್ ಕೊಡದೆ, ನಿಮ್ಮ ಉತ್ತರ ಪಡೆಯದೆ ಅವರು ಮುಟ್ಟುಗೋಲು ಹಾಕುವಂತಿಲ್ಲ. ಕೆಲವರು ಗಾಬರಿಯಲ್ಲಿ ನೇರ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಓಡುತ್ತಾರೆ, ಮಾಲು ಬಿಡಿಸಿಕೊಡಿ ಎಂದು. ಈ ಕಾಯ್ದೆಯಡಿ ಅವರಿಗೆ ಬಿಡಿಸಿಕೊಡಲು ಬರುವುದಿಲ್ಲ. ವಕೀಲರ ಫೀಸೂ ಹೋಯಿತು, ನೋಟಿಸಿಗೆ ಉತ್ತರ ಕೊಡುವ ದಿನವೂ ಹೋಯಿತು. ಡಿಸಿ ಆದೇಶ ವಿರುದ್ಧ ಬಂದರೆ ಮೇಲ್ಮನವಿಗೆ ಒಂದೇ ತಿಂಗಳು. ಕ್ರಿಮಿನಲ್ ಕೇಸಾದರೆ ಶಿಕ್ಷೆ ಮೂರು ತಿಂಗಳಿಂದ ಏಳು ವರ್ಷದವರೆಗೆ. ಇದು ಸುಮ್ನೆ ಹೆದರಿಸುವ ಮಾತಲ್ಲ.

ಲಾರಿ ವಿಷಯ ಬೇರೆ. ಅದು ಬರುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಸೆಕ್ಷನ್ 65ರಲ್ಲಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಡಿಸಿಯವರೇ ಅಧ್ಯಕ್ಷರು. ಅವರು, ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ರಕ್ಷಣಾ ಕೆಲಸಕ್ಕೆ ವಾಹನ, ಜಾಗ, ಸಾಮಗ್ರಿ ಕೇಳಬಹುದು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿದಾಗ ಇಂಥ ಕಾಯ್ದೆ ಬೇಕೇ ಬೇಕು ಎನ್ನುವುದರಲ್ಲಿ ನನಗೇನೂ ಅನುಮಾನವಿಲ್ಲ. ದುಡ್ಡು ಕೊಡುತ್ತಾರಾ ಎಂದು ಕೇಳಿದಿರಿ. ಕಾಯ್ದೆ ಕೊಡಲೇಬೇಕು ಎನ್ನುತ್ತದೆ. ವಾಹನಕ್ಕೆ ಆ ಊರಲ್ಲಿ ಚಾಲ್ತಿಯಲ್ಲಿರುವ ಬಾಡಿಗೆ, ಜಾಗಕ್ಕೆ ಆ ಪ್ರದೇಶದ ಬಾಡಿಗೆ. ಕಂತು ಬಾಕಿ ಇರುವ ಗಾಡಿಯಾದರೆ, ಹಾಗೂ ಅದು ಹೈರ್ ಪರ್ಚೇಸ್ (ಕಂತು ತೀರುವವರೆಗೆ ಗಾಡಿ ಫೈನಾನ್ಸ್‌ನವರದೇ ಎನ್ನುವ) ಕರಾರಿನ ಮೇಲೆ ನಿಮ್ಮ ಬಳಿ ಇದ್ದರೆ, ಪರಿಹಾರ ನಿಮಗೂ ಫೈನಾನ್ಸ್‌ನವರಿಗೂ ಹಂಚಿಕೆಯಾಗುತ್ತದೆ. ಬರೀ ಸಾಲ ಮಾಡಿ ನಿಮ್ಮ ಹೆಸರಲ್ಲೇ ಕೊಂಡಿದ್ದರೆ ಲೆಕ್ಕ ಬೇರೆ. ಕರಾರು ಪತ್ರ ಈಗಲೇ ತೆಗೆದು ನೋಡಿ. ಕೊಟ್ಟ ಮೊತ್ತ ಕಡಿಮೆ ಎನಿಸಿದರೆ 30 ದಿನದೊಳಗೆ ಮಧ್ಯಸ್ಥಗಾರರಿಗೆ ಒಪ್ಪಿಸಿ ಎಂದು ಅರ್ಜಿ ಹಾಕಬೇಕು.

ಬೇಳೆಯ ದುಡ್ಡು ಮಾತ್ರ ಇಷ್ಟು ಸಲೀಸಲ್ಲ. ಬೇರೆ ವಸ್ತುಗಳಿಗೆ, ನಿಯಂತ್ರಿತ ಬೆಲೆ ಇಲ್ಲದಿದ್ದರೆ ಮಾರುಕಟ್ಟೆ ದರ ಸಿಗುತ್ತದೆ. ಆಹಾರ ಧಾನ್ಯಕ್ಕೆ ಸರ್ಕಾರ ಬೆಳೆಯ ಅಂದಾಜು, ಬಡವರಿಗೆ ಎಟುಕುವ ಬೆಲೆ ಎಂದೆಲ್ಲ ನೋಡಿ ತಾನೇ ದರ ಕಟ್ಟಬಹುದು. ಅದು ಗಂಜ್‌ನ ಆ ದಿನದ ದರಕ್ಕಿಂತ ಕಡಿಮೆ ಇರಬಹುದು. ಆ ನಷ್ಟ ನಿಮ್ಮದೇ.

(ಒಂದು ಅಡ್ಡ ಮಾತು. ಬೀದರ್, ಆಳಂದ, ಅಫಜಲಪುರ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ವಿದ್ಯುತ್ ತಯಾರಿಸುವ ನಂಟರು ನಿಮಗಿದ್ದರೆ ಅವರಿಗೆ ಹೇಳಿ: ಅವರ ಮೇಲಿನ ಕೈ 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 11. 2023ರ ಬರದಲ್ಲಿ, ಅಕ್ಟೋಬರ್‌ನಲ್ಲಿ, ರಾಜ್ಯ ಸರ್ಕಾರ ಅದನ್ನು ಬಳಸಿ ವಿದ್ಯುತ್ತನ್ನು ರಾಜ್ಯದೊಳಗೇ ಕೊಡಿ ಎಂದಿತು. ಅಲ್ಲಿ ನಷ್ಟ ಸರಿದೂಗಿಸುವ ಬಾಗಿಲು ವಿದ್ಯುತ್ ನಿಯಂತ್ರಣ ಆಯೋಗ.)

ಹಾಗಾದರೆ ಬೇಡ ಅನ್ನಬಹುದೇ? ಅನ್ನಬಹುದು. ಆದರೆ ಬಾಗಿಲು ಹಾಕಿಕೊಂಡು ಕೂತರೆ ವಿಪತ್ತು ಕಾಯ್ದೆಯಡಿ ಒಂದು ವರ್ಷದವರೆಗೆ, ಅದರಿಂದ ಜೀವ ಹೋದರೆ ಎರಡು ವರ್ಷದವರೆಗೆ ಜೈಲು. ನಾನು ಯಾರಿಗೂ ಇದನ್ನು ಹೇಳುವುದಿಲ್ಲ. ಹೈಕೋರ್ಟಿಗೆ ಹೋಗುವುದು ಇನ್ನೊಂದು ದಾರಿ. ಕಾನೂನಿನ ಬಲ ಇಲ್ಲದೆ ಯಾರ ಆಸ್ತಿಯನ್ನೂ ತೆಗೆದುಕೊಳ್ಳುವಂತಿಲ್ಲ ಎಂದು ಸಂವಿಧಾನದ 300ಎ ವಿಧಿ ಹೇಳುತ್ತದೆ. ನಮ್ಮೂರಲ್ಲೇ ಪೀಠ ಇದೆ, ಬೆಂಗಳೂರಿಗೆ ರಾತ್ರಿ ಬಸ್ ಹತ್ತುವ ಕಾಲ ಮುಗಿದಿದೆ. ಆದೇಶಕ್ಕೆ ಸಹಿ ಮಾಡಿದವರಿಗೆ ಅಧಿಕಾರವೇ ಇಲ್ಲದಿದ್ದರೆ, ಅಥವಾ ನಿಮ್ಮೊಬ್ಬರನ್ನೇ ಹುಡುಕಿ ಹಿಡಿದಿದ್ದರೆ, ಈ ದಾರಿ ಗಟ್ಟಿ. ಆದರೆ ಪ್ರವಾಹ, ಯುದ್ಧ, ಕಾಯಿಲೆ ನಡೆಯುತ್ತಿರುವಾಗ ಕೋರ್ಟು ತಡೆ ಕೊಡಲು ಹಿಂದೆ ಮುಂದೆ ನೋಡುತ್ತದೆ. ಪರಿಹಾರದ ಮಾತನ್ನು ಆಮೇಲೆ ನೋಡೋಣ ಎನ್ನುವುದೇ ಹೆಚ್ಚು.

ನಾನು ಹೇಳುವುದು ಮೂರನೆಯದು. ಕೊಡಿ, ಆದರೆ ಕಾಗದ ಮಾಡಿ ಕೊಡಿ. ಲಿಖಿತ ಆದೇಶ ಕೇಳಿ. ಯಾವ ಕಾಯ್ದೆ, ಯಾವ ಸೆಕ್ಷನ್, ಯಾರ ಸಹಿ, ಎಷ್ಟು ದಿನಕ್ಕೆ ಎಂದು ಓದಿ. ತಹಸೀಲ್ದಾರರೋ ಆಹಾರ ನಿರೀಕ್ಷಕರೋ ಬಂದಿದ್ದರೆ ಅವರಿಗೆ ಅಧಿಕಾರ ಕೊಟ್ಟ ಪತ್ರ ಕೇಳಿ. ಇದರಲ್ಲಿ ಉದ್ಧಟತನ ಏನೂ ಇಲ್ಲ. ಪಂಚನಾಮೆಯ ಪ್ರತಿ ತೆಗೆದುಕೊಳ್ಳದೆ ಸಹಿ ಹಾಕಬೇಡಿ. ಒಪ್ಪಿಗೆ ಇಲ್ಲದಿದ್ದರೆ 'ಆಕ್ಷೇಪಣೆಯೊಂದಿಗೆ' ಎಂದು ಬರೆದು ಸಹಿ ಹಾಕಿ. ಮಧ್ಯರಾತ್ರಿ ಫೋನ್ ಬಂದು 'ಸಾಹೇಬ್ರು ಹೇಳ್ಯಾರ, ಲಾರಿ ಕಳಸ್ರಿ' ಎಂದರೆ ವಾದ ಮಾಡಬೇಡಿ, ಅಲ್ಲಿ ಜನ ನೀರಲ್ಲಿ ನಿಂತಿರಬಹುದು. ಲಾರಿ ಕಳಿಸಿ. ಕಳಿಸುವ ಮುಂಚೆ ಮೀಟರ್, ಡೀಸೆಲ್ ಮುಳ್ಳು, ಟೈರ್‌ಗಳ ಫೋಟೊ ತೆಗೆಯಿರಿ. ಕರೆ ಮಾಡಿದವರ ನಂಬರಿಗೇ ಒಂದು ಮೆಸೇಜ್ ಹಾಕಿ: 'ತಮ್ಮ ಫೋನ್ ಆದೇಶದಂತೆ ಈ ನಂಬರಿನ ಲಾರಿ ಇಷ್ಟು ಗಂಟೆಗೆ ಹೊರಟಿದೆ.' ಅವರು ಓದಿದ ಆ ನೀಲಿ ಗೆರೆ ನಾಳೆ ನಿಮ್ಮ ಸಾಕ್ಷಿ. ಡ್ರೈವರ್‌ಗೂ ಲಾಗ್ ಬರೆಯಲು ಹೇಳಿ.

ಕೊನೆಗೆ ತಮ್ಮನ ಸಿಲಿಂಡರ್. 2021ರ ಏಪ್ರಿಲ್ 22ರಿಂದ ಒಂಬತ್ತು ಉದ್ಯಮಗಳನ್ನು ಬಿಟ್ಟು ಉಳಿದವುಗಳಿಗೆ ಆಕ್ಸಿಜನ್ ನಿಲ್ಲಿಸಿದರು. ಮೂರೇ ದಿನದಲ್ಲಿ, ವೈದ್ಯಕೀಯಕ್ಕೆ ಬಿಟ್ಟು ಬೇರೆ ಯಾರಿಗೂ ದ್ರವ ಆಕ್ಸಿಜನ್ ಇಲ್ಲ ಎಂದರು. ಆ ದಿನಗಳಲ್ಲಿ ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ, ಅವನ ಕೆಲಸ ನಿಂತ ನಷ್ಟಕ್ಕೆ ಈಗ ಏನೂ ಹುಟ್ಟುವುದಿಲ್ಲ. ಬಾಡಿಗೆಯ ಪರಿಹಾರಕ್ಕೆ ಇದ್ದ ಅವಧಿಯೂ ದಾಟಿಹೋಗಿರಬಹುದು. ಆದರೆ ಸಿಲಿಂಡರ್ ಇನ್ನೂ ಅವನದೇ. ಬಳಸಲು ಒಯ್ದ ಮಾತ್ರಕ್ಕೆ ಮಾಲೀಕತ್ವ ಹೋಗುವುದಿಲ್ಲ. ಪ್ರತಿ ಸಿಲಿಂಡರ್‌ನ ಭುಜದ ಮೇಲೆ ನಂಬರ್ ಹೊಡೆದಿರುತ್ತದೆ. ಖರೀದಿ ಬಿಲ್ಲಿನಲ್ಲೋ ಗ್ಯಾಸ್ ತುಂಬಿಸುವವರ ರಿಜಿಸ್ಟರ್‌ನಲ್ಲೋ ಆ ನಾಲ್ಕು ನಂಬರ್ ಸಿಗಬೇಕು. ಅವುಗಳನ್ನು ಬರೆದು ಡಿಸಿ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ. ಜೊತೆಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಯಾವ ಆದೇಶದ ಮೇಲೆ ಸಿಲಿಂಡರ್ ಸಂಗ್ರಹಿಸಿದಿರಿ, ಯಾವ ಆಸ್ಪತ್ರೆಗೆ ಕೊಟ್ಟಿರಿ, ವಾಪಸಾತಿ ಪಟ್ಟಿ ಎಲ್ಲಿದೆ ಎಂದು ಕೇಳಲಿ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಆ ಉತ್ತರ ಹಿಡಿದುಕೊಂಡು ಬನ್ನಿ, ಮುಂದಿನದನ್ನು ಕೂತು ನೋಡೋಣ.